ಪಾಸ್ಟರ ತಲೆಯ ಮೇಲಿನ ಗಡಿಯಾರ

"ಪೊಲೀಸ್ ಕಂಪ್ಲೇಂಟು ಬ್ಯಾಡ್ರಿ," ಎಂದು ಪಾಸ್ಟರ್ ಪ್ರಭುರಾಜ ಎರಡನೇ ಸಲ ಹೇಳಿದರು.

ಗಂಗಾವತಿ ಪಕ್ಕದ, ಕ್ಯಾಂಪ್ ಎಂದೇ ಕರೆಯುವ ಹಳ್ಳಿಯ ಆ ಚಿಕ್ಕ ಚರ್ಚಿನಲ್ಲಿ, ಅವರು ನಿಂತು ಮಾತಾಡುವ ಜಾಗದ ಮೇಲ್ಗಡೆ, ಗೋಡೆಯ ಗಡಿಯಾರ ಇರಲಿಲ್ಲ. ಬರೀ ಮೊಳೆ. ಭಾನುವಾರದ ಆರಾಧನೆಗೆ ಬಂದವರ ಕಣ್ಣು ಮೊಳೆಯಿಂದ ಮೆಲ್ಲಗೆ ಹಿಂದಿನ ಸಾಲಿನ ದುರಗಪ್ಪನತ್ತ ಹೊರಳಿತು. ಕುರಿ ಕದ್ದು ಎರಡು ಸಲ ಜೈಲು ಕಂಡವನು. ದೀಕ್ಷಾಸ್ನಾನವಾಗಿ ಚರ್ಚಿಗೆ ಸೇರಿ ಇನ್ನೂ ನಾಲ್ಕೇ ತಿಂಗಳು. ದುರಗಪ್ಪ ತಲೆ ತಗ್ಗಿಸಿದ.

ಅಂದಿನ ಪ್ರಸಂಗ, ಅಂದರೆ ಪಾಸ್ಟರ ಉಪದೇಶ, ಮನಸ್ಸಾಕ್ಷಿಯ ಮೇಲೆ. "ದೇವರು ಮನುಷ್ಯಾನ್ನ ಮಾಡಿದಾಗ ಒಳಗೊಬ್ಬ ಸಾಕ್ಷಿದಾರನ್ನ ಕೂಡಿಸ್ಯಾನ. ಚರ್ಚಿಗೆ ಬರೋರಿಗಷ್ಟ ಅಲ್ಲ, ಎಲ್ಲಾರಿಗೂ. ತಪ್ಪು ಮಾಡಿದರ ಚುಚ್ಚತಾನ. ತಗೊಂಡವರು ತಂದಿಡ್ರಿ. ನಾ ಏನೂ ಕೇಳೂದಿಲ್ಲ."

ಎರಡೂವರೆ ತಾಸು ನಡೆಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಜನ ಪಾಸ್ಟರ ಮುಖವನ್ನೇ ನೋಡುತ್ತ ಕೂತಿದ್ದರು.

ಆ ವಾರ ದುರಗಪ್ಪನನ್ನು ಯಾರೂ ಗದ್ದೆ ಕೆಲಸಕ್ಕೆ ಕರೆಯಲಿಲ್ಲ. ಹೋಟೆಲಿನವನು ಚಹಾ ಕೊಟ್ಟು, ಖಾಲಿ ಗ್ಲಾಸು ಕೈಗೆ ಬರುವತನಕ ಕಣ್ಣು ಕೀಳಲಿಲ್ಲ. ಇದು ಕಿವಿಗೆ ಬಿದ್ದಾಗ ಪಾಸ್ಟರಿಗೆ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ, ಚರ್ಚಿನ ಕಸ ಹೊಡೆಯುವ ಮುದುಕಿ ಸಣ್ಣವ್ವ ಒಂದು ಗಂಟು ತಂದು ಅವರ ಮುಂದೆ ಬಿಚ್ಚಿದಳು. ಒಳಗೆ ಗಡಿಯಾರ.

"ನಾನ ಕದ್ದಿದ್ದೆ, ಅಯ್ಯನವರ. ದುರಗಪ್ಪನ್ನ ಬಿಟ್ಟುಬಿಡ್ರಿ."

ಪಾಸ್ಟರು ಗಡಿಯಾರ ತಿರುಗಿಸಿದರು. ಹಿಂದೆ ಅಂಗಡಿಯ ಚೀಟಿ ಹಾಗೇ ಅಂಟಿತ್ತು.

"ಇದು ಹೊಸದೈತೆಲ್ಲ, ಸಣ್ಣವ್ವ?"

"ಒರೆಸೀನ್ರಿ. ಹಂಗ ಕಾಣ್ತೈತಿ."

"ಸುಳ್ಳು ಹೇಳಿದರ ಒಳಗಿನಾತ ಚುಚ್ಚೂದಿಲ್ಲೇನು?"

"ವಾರಿಡೀ ನಾ ದುರಗಪ್ಪನ ಪಾಡು ಸುಮ್ಮನ ನೋಡ್ಕೋತ ಕುಂತಿದ್ನೆಲ್ರಿ, ಆಗ ಭಾಳ ಚುಚ್ಚಿದ. ಈಗ ಗಪ್ಪಾಗ್ಯಾನ."

ಮುದುಕಿ ಸೆರಗು ಕೊಡವಿಕೊಂಡು, ಕಸಬರಿಗೆ ಹುಡುಕುತ್ತ ಒಳಗೆ ಹೋದಳು.

ಮರುದಿನ ಚರ್ಚು ಕಿಕ್ಕಿರಿದಿತ್ತು. ಕಳ್ಳಿ ಸಿಕ್ಕಿದ್ದಾಳೆಂಬ ಸುದ್ದಿ ಸಣ್ಣವ್ವನ ಬಾಯಿಂದಲೇ ಕ್ಯಾಂಪೆಲ್ಲ ಸುತ್ತಿತ್ತು. ಪ್ರಭುರಾಜ ಎದ್ದು ನಿಂತರು.

"ಸಣ್ಣವ್ವ ಕದ್ದಿಲ್ಲ. ದುರಗಪ್ಪನೂ ಕದ್ದಿಲ್ಲ," ಎಂದರು. "ನಾ ಪ್ರಸಂಗ ಮಾಡೂವಾಗ ನೀವೆಲ್ಲ ಟೈಮ ನೋಡ್ತೀರಿ ಅಂತ ಸಿಟ್ಟಿಗೆದ್ದು, ನಾನ ಅದನ್ನ ಇಳಿಸಿ ನಮ್ಮ ಮನಿ ಜ್ವಾಳದ ಚೀಲದಾಗ ಮುಚ್ಚಿಟ್ಟೀನ್ರಿ."