ಹನ್ನೆರಡನೇ ಕುರ್ಚಿ

ಓದುವ ಮೊದಲೇ ಹೇಳಿಬಿಡುತ್ತೇನೆ... ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೇ.

ಮೈಸೂರಿನ ಒಂದು ಕ್ಯಾಥೋಲಿಕ್ ಕಾಲೇಜಿನಲ್ಲಿ ನಾನು ಮೇಷ್ಟ್ರು. ವಿದ್ಯಾರ್ಥಿಗಳ ಸೇವಾ ಸಂಘದ ಹೊಣೆಯೂ ನನ್ನದೇ.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಚರ್ಚಿನಲ್ಲಿ ಫಾದರ್ ಹನ್ನೆರಡು ಜನರನ್ನು ಕುರ್ಚಿಯಲ್ಲಿ ಕೂರಿಸಿ ಪಾದ ತೊಳೆಯುತ್ತಾರೆ. ಯೇಸು ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ...

ಆ ವರ್ಷ ನಮ್ಮ ಮಕ್ಕಳು ಬಂದು ಕೇಳಿದರು, "ಸರ್, ನಾವೂ ತೊಳೆಯೋಣ... ವೃದ್ಧಾಶ್ರಮದ ಅಜ್ಜ ಅಜ್ಜಿಯರನ್ನ ಕಾಲೇಜಿಗೆ ಕರ್ಕೊಂಡು ಬರೋಣ."

ನನಗೆ ಖುಷಿಯೋ ಖುಷಿ. ಕಾಲೇಜು ಮ್ಯಾಗಜಿನ್‌ಗೆ ಮುಖಪುಟ ಸಿಕ್ಕಿತಲ್ಲ!

ಸಂಘದ ಕಾರ್ಯದರ್ಶಿ ರೆಜಿನಾ, ಎರಡನೇ ವರ್ಷದ ಬಿ.ಕಾಂ. ಹುಡುಗಿ. ಅವಳ ಕೈಗೆ ಒಂದು ಚೀಟಿ ಬರೆದುಕೊಟ್ಟೆ. ಹನ್ನೆರಡು ಜನ ಸಾಕು. ಎಲ್ಲರೂ ಮೊದಲೇ ಕಾಲು ಚೆನ್ನಾಗಿ ತೊಳೆದುಕೊಂಡು ಬರಲಿ. ಗಾಯ, ಬ್ಯಾಂಡೇಜ್ ಇರುವವರು ಬೇಡ.

ನಗಬೇಡಿ... ಚರ್ಚಿನಲ್ಲೂ ಹಾಗೇ. ಕುರ್ಚಿಯಲ್ಲಿ ಕೂರುವವರೆಲ್ಲ ಮನೆಯಲ್ಲೇ ಸೋಪು ಹಾಕಿ ಉಜ್ಜಿಕೊಂಡು ಬಂದಿರುತ್ತಾರೆ.

ವೃದ್ಧಾಶ್ರಮದಲ್ಲಿ ಇನ್ನಾಸಮ್ಮ ಎಂಬ ಅಜ್ಜಿ ಇದ್ದರು. ಮೂವತ್ತು ವರ್ಷ ಚರ್ಚಿನ ಕಸ ಗುಡಿಸಿದವರು.

ಪ್ರತಿ ಪವಿತ್ರ ಗುರುವಾರ ಪೂಜೆ ಮುಗಿದು ಜನರೆಲ್ಲ ಹೊರಟ ಮೇಲೆ, ಆ ಹನ್ನೆರಡು ಕುರ್ಚಿಗಳ ಕೆಳಗೆ ಚೆಲ್ಲಿದ ನೀರನ್ನು ಮಂಡಿಯೂರಿ ಒರೆಸುತ್ತಿದ್ದವರು ಅವರೇ.

ಪಟ್ಟಿ ಮಾಡಲು ಹೋದ ರೆಜಿನಾಳ ಕೈ ಹಿಡಿದುಕೊಂಡರಂತೆ.

"ನಮ್ ಕಾಲ್ದಲ್ಲಿ ಆ ಕುರ್ಚಿ ಗಂಡಸ್ರಿಗೆ ಮಾತ್ರ ಕಣವ್ವ. ಈಗ ಹೆಂಗಸ್ರನ್ನೂ ಕೂರುಸ್ತಾರಂತಲ್ಲ... ನನ್ನೂ ಒಂದ್ಸಲ ಕೂರ್ಸು. ಇನ್ನೇನೂ ಬ್ಯಾಡ ನಂಗೆ."

ಅವರ ಎಡಗಾಲಿನ ಹಿಮ್ಮಡಿಗೆ ಬ್ಯಾಂಡೇಜ್ ಇತ್ತು. ಸಕ್ಕರೆ ಕಾಯಿಲೆಯ ಹುಣ್ಣು.

ರೆಜಿನಾ ನನ್ನ ಚೀಟಿ ನೋಡಿದಳು. ಆಗಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲ ಪಾಪ. "ಗಾಯ ವಾಸಿ ಆದ್ರೆ ಖಂಡಿತ ಕೂರಿಸ್ತೀನಿ ಅಜ್ಜಿ" ಎಂದು ಹನ್ನೆರಡನೇ ಹೆಸರು ಬರೆದುಕೊಂಡಳು. ಇನ್ನೂ ಹತ್ತು ದಿನವಿತ್ತು.

ಆ ದಿನ ಬಂತು...

ಕಾಲೇಜು ಹಾಲಿನಲ್ಲಿ ಹನ್ನೆರಡು ಕುರ್ಚಿ. ಕೊನೆಯದರಲ್ಲಿ ಇನ್ನಾಸಮ್ಮ. ಇಸ್ತ್ರಿ ಮಾಡಿದ ಬಿಳಿ ಸೀರೆ, ಕಾಲಿಗೆ ಹೊಸ ಕಾಲುಚೀಲ. ಮುಖದಲ್ಲಿ ಮದುಮಗಳ ಕಳೆ.

"ವಾಸಿ ಆಯ್ತು ಕಣವ್ವ" ಎಂದರು.

ರೆಜಿನಾ ಮಂಡಿಯೂರಿ ಎಡಗಾಲಿನ ಕಾಲುಚೀಲ ಎಳೆದಳು. ಅದು ಬರಲಿಲ್ಲ... ಗಾಯಕ್ಕೆ ಅಂಟಿಕೊಂಡಿತ್ತು.

ಅಜ್ಜಿ ಯಾರಿಗೂ ಹೇಳದೆ ಬ್ಯಾಂಡೇಜ್ ಬಿಚ್ಚಿಹಾಕಿದ್ದರು. ಮೂರು ದಿನದಿಂದ ಆ ಹುಣ್ಣನ್ನು ಸೋಪು ಹಾಕಿ ಕಲ್ಲಿನಲ್ಲಿ ಉಜ್ಜಿದ್ದರು. ಕಾಲು ಚೆನ್ನಾಗಿ ತೊಳೆದುಕೊಂಡು ಬರಬೇಕೆಂದು ನಾವೇ ಹೇಳಿದ್ದೆವಲ್ಲ! ಆ ಕಾಲಿಗೆ ನೋವು ತಿಳಿಯುವುದು ಎಂದೋ ನಿಂತುಹೋಗಿತ್ತು.

ವಾಸನೆ ಬಂತು. ಫೋಟೋಗ್ರಾಫರ್ ಮೂಗು ಮುಚ್ಚಿಕೊಂಡ.

ನಾನು ದೂರದಿಂದಲೇ ರೆಜಿನಾಗೆ ಕೈಸನ್ನೆ ಮಾಡಿದೆ... ಎಬ್ಬಿಸು.

ಅವಳು ನನ್ನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಆಮೇಲೆ ತೋಳು ಹಿಡಿದು ಎಬ್ಬಿಸಿದಳು. ಆ ಕುರ್ಚಿಗೆ, ಆಶ್ರಮದವರ ಜೊತೆ ನೋಡಲು ಬಂದಿದ್ದ ಒಬ್ಬ ಅಜ್ಜನನ್ನು ಕೂರಿಸಿದೆವು. ಫೋಟೋ ಬಹಳ ಚೆನ್ನಾಗಿ ಬಂತು.

ಇನ್ನಾಸಮ್ಮ ಅಳಲಿಲ್ಲ. ಗೋಡೆ ಪಕ್ಕದ ಬೆಂಚಿನಲ್ಲಿ ಕುಳಿತು ಎಲ್ಲ ನೋಡಿದರು. ಮುಗಿದ ಮೇಲೆ ಎಲ್ಲಿಂದಲೋ ಒಂದು ಬಟ್ಟೆ ಹುಡುಕಿ ತಂದು, ಕುಂಟುತ್ತಾ ಬಂದು, ಕುರ್ಚಿಗಳ ಕೆಳಗಿನ ನೀರು ಒರೆಸತೊಡಗಿದರು.

ನಾನು ಬೇಡ ಅನ್ನಲೂ ಇಲ್ಲ...

ಆಶ್ರಮದ ಸಿಸ್ಟರ್ ಅಂದೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಎರಡು ವಾರದಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಗಾಯ ಮೊದಲೇ ಕೆಟ್ಟಿತ್ತು ಎಂದರು ಡಾಕ್ಟರ್. ಆ ಮಾತನ್ನು ನಾನು ಎಷ್ಟು ಸಲ ಹೇಳಿಕೊಂಡೆನೋ... ಸಮಾಧಾನ ಮಾತ್ರ ಬರಲಿಲ್ಲ.

ಇನ್ನಾಸಮ್ಮ ಆಶ್ರಮಕ್ಕೆ ಮರಳಿದ ದಿನ ರೆಜಿನಾ ಒಂದು ಬೋಗುಣಿ, ಟವೆಲ್ ಹಿಡಿದು ಹೊರಟಳು. ನಾನೂ ಹಿಂದೆ ಹೋದೆ.

ಸಿಸ್ಟರ್ ಜೊತೆ ಸೇರಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದಳು. ಬಿಕ್ಕಳಿಸಿ ಅಳತೊಡಗಿದಳು.

ಅಜ್ಜಿ ಅವಳ ತಲೆ ಸವರಿದರು. "ಅಳಬ್ಯಾಡ ಕಣವ್ವ... ಒಂದೇ ಉಳ್ಕಂಡದೆ. ನಿಂಗೂ ಕೆಲ್ಸ ಕಮ್ಮಿ ಆಯ್ತು."

ರೆಜಿನಾ ಬಲಗಾಲಿಗೆ ಕೈ ಹಾಕಿದಳು. ಅಜ್ಜಿ ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು.

"ಬ್ಯಾಡ... ಇವತ್ತು ತೊಳ್ಕೊಂಡೇ ಇಲ್ಲ. ಕೊಳೆ ಅದೆ."

"ಅದಕ್ಕೇ ಬಂದಿದೀನಿ ಅಜ್ಜಿ."

ಅವಳು ನಿಧಾನವಾಗಿ ತೊಳೆದಳು. ಬೆರಳ ಸಂದಿಗಳನ್ನೂ ಬಿಡಲಿಲ್ಲ. ಆಮೇಲೆ ಟವೆಲ್‌ನಲ್ಲಿ ಒರೆಸಿ, ಬಾಗಿ ಆ ಪಾದಕ್ಕೆ ಮುತ್ತಿಟ್ಟಳು.

ಬೋಗುಣಿಯಿಂದ ನೀರು ನೆಲಕ್ಕೆ ಚೆಲ್ಲಿತ್ತು...

ಅಜ್ಜಿ ಅದನ್ನು ನೋಡಿದ್ದೇ ತಡ, ಬಟ್ಟೆ ತರಲೆಂದು ಕುರ್ಚಿಯ ಕೈ ಹಿಡಿದು ಏಳಲು ಹೋದರು. ಮೂವತ್ತು ವರ್ಷದ ಅಭ್ಯಾಸ... ಕಾಲಿಲ್ಲ ಎಂಬುದು ಮರೆತೇ ಹೋಗಿತ್ತು. ರೆಜಿನಾ ಗಬಕ್ಕನೆ ಹಿಡಿದುಕೊಂಡಳು.

ಬಾಗಿಲ ಬಳಿ ನಿಂತಿದ್ದ ನಾನು ಒಳಗೆ ಹೋಗಿ, ಮಂಡಿಯೂರಿ, ನನ್ನ ಕರ್ಚೀಫಿನಿಂದ ಆ ನೀರು ಒರೆಸತೊಡಗಿದೆ. ಇಪ್ಪತ್ತು ವರ್ಷ ಸೇವೆಯ ಬಗ್ಗೆ ಪಾಠ ಮಾಡಿದವನು... ಮೊದಲ ಸಲ.

"ಬುಡಿ ಮೇಷ್ಟ್ರೇ..." ಎಂದರು ಇನ್ನಾಸಮ್ಮ ನಾಚಿಕೊಂಡು. "ಅದು ನನ್ ಕೆಲ್ಸ."

~~~

ತೊಳೆದ ಪಾದಕ್ಕೆ ನೀರು ಹಾಕುವುದು ಕಾರ್ಯಕ್ರಮ... ಕೊಳೆಯಾದ ಪಾದವನ್ನು ಕೈಯಾರೆ ಮುಟ್ಟುವುದು ಸೇವೆ.

ನಮ್ಮ ಫೋಟೋ ಚೆನ್ನಾಗಿ ಬರಲೆಂದು ನಾವು ಯಾರನ್ನು ಕುರ್ಚಿಯಿಂದ ಎಬ್ಬಿಸಿದ್ದೇವೆ... ಒಮ್ಮೆ ನೆನಪಿಸಿಕೊಳ್ಳೋಣವೇ?