ಕಪ್ಪು ಬುಟ್ಟಿ

"ಎರಡೇ ನಿಮಿಷ ಕಣಮ್ಮಾ. ಬುಟ್ಟಿ ಏರಿಸು, ಇವ್ರು ಫೋಟೋ ತೆಗೀತಾರೆ, ಇಳಿಸಿಬಿಡು," ಎಂದರು ಬಂದರಿನ ಸಾಹೇಬರು. ಅವರ ಹಿಂದೆ ಫೋಟೋದವನು ಕೆಸರಿನಲ್ಲಿ ಬೂಟು ಹೂತುಕೊಂಡು ನಿಂತಿದ್ದ.

ಬುಟ್ಟಿಯಕ್ಕ ಅಲುಗಾಡಲಿಲ್ಲ. ಚಂಡಮಾರುತದ ಸುದ್ದಿ ಬಂದ ಕೂಡಲೇ ಕಬ್ಬಿಣದ ಕಂಬದ ತುದಿಗೆ ಬೆತ್ತದ ಕಪ್ಪು ಬುಟ್ಟಿ ಏರಿಸುವುದು ಹದಿನಾರು ವರ್ಷದಿಂದ ಅವಳ ಕೆಲಸ. ಅದು ಕಂಡರೆ ಒಂದು ದೋಣಿಯೂ ಕಡಲಿಗೆ ಇಳಿಯುತ್ತಿರಲಿಲ್ಲ. ಹೋದ ತಿಂಗಳು ಏರಿಸಿದಾಗ ಗಾಳಿ ಬೇರೆ ದಿಕ್ಕಿಗೆ ತಿರುಗಿತ್ತು. ಒಂದು ದಿನದ ಮೀನು ಹೋಯಿತೆಂದು ಮೀನಿನ ಕಾರ್ಖಾನೆಯವರು ಕೂಗಾಡಿದ್ದರು. ಅಂದೇ ಸಾಹೇಬರು ಬುಟ್ಟಿಯನ್ನು ಶೆಡ್ಡಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಇಳಿಸಿದ್ದರು.

ಮೊನ್ನೆ ಬೆಳಿಗ್ಗೆ ಮತ್ತೆ ಚಂಡಮಾರುತ ಎಂದು ರೇಡಿಯೋ ಬಡಕೊಳ್ಳುತ್ತಿದ್ದಾಗ ಅವಳು ಸಾಹೇಬರಿಗೆ ಹನ್ನೊಂದು ಸಲ ಫೋನ್ ಮಾಡಿದ್ದಳು. "ನಾನು ಹೇಳೋವರೆಗೂ ಮುಟ್ಟಬೇಡ," ಅಷ್ಟೇ ಉತ್ತರ. ದಕ್ಕೆಗೆ ಓಡಿ, ದೋಣಿ ಹತ್ತುತ್ತಿದ್ದ ತಮ್ಮನ ಕೈ ಹಿಡಿದು ಗೋಗರೆದರೆ ಅವನು ನಕ್ಕಿದ್ದ. "ಬುಟ್ಟಿ ಏರದೆ ಮನೇಲಿ ಕೂತ್ರೆ ದೋಣಿ ಯಜಮಾನ ಬಿಡ್ತಾನೇನಕ್ಕಾ? ನೋಡು, ನಿನ್ನ ಕಂಬ ಖಾಲಿ."

ತಮ್ಮನೂ ಬರಲಿಲ್ಲ, ಅವನ ಜೊತೆಗಿದ್ದ ಏಳು ಮಂದಿಯೂ ಬರಲಿಲ್ಲ.

"ಎಚ್ಚರಿಕೆ ಕೊಟ್ಟಿದ್ರಾ ಅಂತ ಮೇಲಿನವರು ಕೇಳ್ತಿದಾರೆ. ಫೋಟೋಗೆ ಮೊನ್ನೆ ತಾರೀಖು ನಾನು ಹಾಕಿಸ್ತೀನಿ," ಎಂದರು ಸಾಹೇಬರು.

ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದರಂತೆ. ಈ ಮಹಾನುಭಾವ ಮೊದಲೇ ಹಾಕಿದ್ದೆ ಅನ್ನುವುದಕ್ಕೆ ಸಾಕ್ಷಿ ಬೇರೆ ಕೇಳುತ್ತಿದ್ದಾನೆ! ಬುಟ್ಟಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಬುಟ್ಟಿ ಎಲ್ಲಿದೆ ಸಾರ್?"

"ಶೆಡ್ಡಲ್ಲಿ."

"ಶೆಡ್ಡೆಲ್ಲಿದೆ?"

ಸಾಹೇಬರು ಜೇಬಿನಿಂದ ಕೀಲಿ ತೆಗೆದು ತಿರುಗಿ ನೋಡಿದರು. ಮಾಡು, ಗೋಡೆ, ಬುಟ್ಟಿ ಎಲ್ಲವನ್ನೂ ಗಾಳಿ ಹೊತ್ತೊಯ್ದಿತ್ತು. ಮರಳಿನ ಮೇಲೆ ತಗಡಿನ ಬಾಗಿಲೊಂದು ಚೌಕಟ್ಟಿನ ಸಮೇತ ಬಿದ್ದಿತ್ತು. ಹಾಕಿದ ಬೀಗ ಹಾಕಿದಂತೆಯೇ ಇತ್ತು.

"ಹಾಳಾಗ್ಲಿ, ಯಾವ್ದಾದ್ರೂ ಬುಟ್ಟಿ ತಂದು ಮಸಿ ಬಳಿಯಮ್ಮಾ! ಏನೋ ಒಂದು ಏರಿಸು!"

"ಏರಿಸ್ತೀನಿ ಸಾರ್."

ದಡದಲ್ಲಿ ದೋಣಿಯ ದಾರಿ ಕಾಯುತ್ತ ಕೂತಿದ್ದ ಹೆಂಗಸರನ್ನು ಅವಳು ಕೂಗಿದಳು. ಏಳು ಜನವೂ ಎದ್ದು ಬಂದರು. ಬುಟ್ಟಿಯಕ್ಕ ಮರಳಿನತ್ತ ಕೈ ತೋರಿಸಿದಳು. ಕಂಬದ ಹಗ್ಗ ಬಿಗಿದು, ಹಲ್ಲು ಕಚ್ಚಿ ಎಳೆದರು.

ಕಂಬದ ತುದಿಯಲ್ಲಿ, ಎಲ್ಲರ ತಲೆಯ ಮೇಲೆ, ಬೀಗ ಹಾಕಿದ ಬಾಗಿಲು ತೂಗಾಡಿತು.

"ತೆಗಿಯಪ್ಪಾ," ಎಂದಳು ಬುಟ್ಟಿಯಕ್ಕ ಫೋಟೋದವನಿಗೆ. "ಬೀಗ ಚೆನ್ನಾಗಿ ಕಾಣ್ಲಿ. ಕೀಲಿ ಹಿಡ್ಕೊಂಡು ಸಾಹೇಬ್ರೂ ಪಕ್ಕದಲ್ಲಿ ನಿಂತ್ಕೊಳ್ಳಲಿ."