ಬಾಟಲಿಯಲ್ಲಿ ನಾಲ್ಕು ಕಲ್ಲು

“ಎಲ್ಲೇ ಕಲ್ಲು? ತೋರಿಸು ನೋಡೋಣ” ಎನ್ನುತ್ತಲೇ ಗಂಡನ ಅಕ್ಕ ವಾರ್ಡಿನೊಳಗೆ ಬಂದಳು. “ನನ್ನ ಪಿತ್ತಕೋಶದ ಕಲ್ಲನ್ನ ಡಾಕ್ಟರು ಬಾಟಲೀಲಿ ಹಾಕಿ ಕೊಟ್ಟಿದ್ರು. ಇನ್ನೂ ಷೋಕೇಸಿನಲ್ಲಿದೆ.”

ಮಂಚದ ಮೇಲಿದ್ದ ಪಿ.ಟಿ. ಟೀಚರ್ ಪಕ್ಕದಲ್ಲಿ ನಿಂತಿದ್ದ ಗಂಡನ ಮುಖ ನೋಡಿದಳು. ಆಕೆಗೆ ಆಗಿದ್ದು ಶ್ವಾಸಕೋಶದ ಕ್ಯಾನ್ಸರ್. ಎದೆ ಸೀಳದೆ, ಪಕ್ಕೆಯಲ್ಲಿ ಮೂರು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸಿ, ಗಡ್ಡೆಯಿದ್ದ ಭಾಗವನ್ನು ತೆಗೆದಿದ್ದರು. ಗಾಯ ಚಿಕ್ಕದು ಎಂದು ಗೊತ್ತಾದದ್ದೇ ತಡ, ಗಂಡ ಹಟ ಹಿಡಿದಿದ್ದ: “ಯಾರಿಗೂ ಹೇಳೋದು ಬೇಡ. ಪಿತ್ತಕೋಶದ ಕಲ್ಲು ಅಂದುಬಿಡೋಣ. ಇಲ್ಲಾಂದ್ರೆ ನೀನು ಕದ್ದು ಸಿಗರೇಟು ಸೇದ್ತಿದ್ದೆ ಅಂತಾರೆ.”

ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹಾಗಾಗಿ ತಯಾರಿ ಜಾಸ್ತಿ. ಜೇಬಿನಿಂದ ಪುಟ್ಟ ಔಷಧಿ ಬಾಟಲಿ ತೆಗೆದ. ಒಳಗೆ ನಾಲ್ಕು ಕಲ್ಲು.

ಅಕ್ಕ ಬೆಳಕಿಗೆ ಹಿಡಿದು ನೋಡಿದಳು. “ಅಬ್ಬಬ್ಬಾ, ಏನು ದಪ್ಪ! ಇಷ್ಟನ್ನ ಹೊಟ್ಟೇಲಿಟ್ಕೊಂಡು ಮಕ್ಕಳನ್ನ ಓಡಿಸ್ತಿದ್ಯೇನೇ?”

ಟೀಚರ್‌ಗೆ ಅವು ಪರಿಚಯದ ಕಲ್ಲುಗಳೇ. ಬೆಳಿಗ್ಗೆ ನರ್ಸ್ ಕೈಹಿಡಿದು ನಡೆಸುವಾಗ ಆಸ್ಪತ್ರೆಯ ಹೂಕುಂಡಗಳಲ್ಲಿ ನೋಡಿದ್ದಳು. ನಗು ಉಕ್ಕಿತು. ನಕ್ಕಿದ್ದಕ್ಕೆ, ಎದೆಯೊಳಗಿನ ನೀರು ಹೊರಹೋಗಲೆಂದು ಹಾಕಿದ್ದ ಕೊಳವೆ ಹೊದಿಕೆಯಡಿ ಪಕ್ಕೆಯಲ್ಲಿ ಚುಚ್ಚಿತು. ನೋವಿನ ಬೆನ್ನಿಗೇ ಸಿಟ್ಟು ಬಂತು. ಬದುಕಿ ಉಳಿದವಳು ಕಳ್ಳಿಯ ಹಾಗೆ ಯಾಕೆ ಬಚ್ಚಿಡಬೇಕು?

“ಅಕ್ಕಾ, ಅದು ಹೂಕುಂಡದ ಕಲ್ಲು. ನನಗಾಗಿದ್ದು ಶ್ವಾಸಕೋಶದ ಕ್ಯಾನ್ಸರ್.”

“ಶ್! ಮೆಲ್ಲಗೆ ಕಣೇ. ಯಾರಾದ್ರೂ ಕೇಳಿಸ್ಕೊಂಡಾರು!” ಎಂದಳು ಅಕ್ಕ.

“ಕೇಳಿಸ್ಕೊಳ್ಳಲಿ ಅಂತಾನೇ ಹೇಳ್ತಿರೋದು.” ಆಟದ ಮೈದಾನದ ದನಿ ತೆಗೆದಳು. “ಕ್ಯಾನ್ಸರ್! ಒಂದು ದಿನಾನೂ ಸಿಗರೇಟು…” ಅರ್ಧಕ್ಕೆ ಉಸಿರು ಕಟ್ಟಿತು. ಅಕ್ಕ ನೀರಿನ ಲೋಟ ಹಿಡಿದಳು. ಟೀಚರ್ ಬೇಡವೆಂದು ಕೈಯಾಡಿಸಿ, ಉಸಿರು ಎಳೆದುಕೊಂಡು, ಉಳಿದರ್ಧವನ್ನೂ ಅಷ್ಟೇ ಜೋರಾಗಿ ಹೇಳಿದಳು. “…ಮುಟ್ಟಿದವಳಲ್ಲ. ಮುಟ್ಟಿದ್ರೂ ನಾಚ್ಕೊಳ್ತಿರಲಿಲ್ಲ!”

ಇಡೀ ವಾರ್ಡು ತಿರುಗಿ ನೋಡಿತು. ಗಂಡ ಬೆವರೊರೆಸಿಕೊಳ್ಳುತ್ತಾ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಲು ಹೋದ.

“ರೀ, ಇಲ್ಲಿ ಕೊಡಿ ಅದನ್ನ” ಎಂದು ಇಸಿದುಕೊಂಡು, ತಲೆಯ ಬಳಿಯ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು.

ಸಂಜೆ ಶಾಲೆಯಿಂದ ಹೆಡ್‌ಮೇಡಂ ಬಂದರು. ಅವರ ಕಣ್ಣೂ ಮೊದಲು ಬಾಟಲಿಯ ಮೇಲೇ ಬಿತ್ತು. “ಇವೇನಾ ನಿಮ್ಮ ಕಲ್ಲು?”

“ಅಲ್ಲ ಮೇಡಂ” ಎಂದಳು ಟೀಚರ್, ಗೋಡೆಗೆ ಒರಗಿದ್ದ ಗಂಡನತ್ತ ಕೈ ತೋರಿಸಿ. “ಕ್ಯಾನ್ಸರ್ ನಂದು. ಕಲ್ಲು ಇವರದು.”